ಅತ್ತೆಯವರ ದಪ್ಪ ಮೆಣಸಿನಕಾಯಿ ಗೆದ್ದ ಬಗೆ

ಪಕ್ಕಪಕ್ಕದಲ್ಲಿ ಎರಡು ವಸ್ತು ಕಂಡರೆ ಯಾವುದು ದೊಡ್ಡದು ಎಂದು ನೋಡದೆ ಮುಂದೆ ಹೋಗುವುದು ನನ್ನಿಂದಾಗದ ಕೆಲಸ. ಇದು ಹುಟ್ಟುಗುಣವೋ ಅಥವಾ ಇಷ್ಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟದ್ದರ ಫಲವೋ ತಿಳಿಯದು. ಸಂತೆಗೆ ಹೋದರೆ ಎರಡು ಕಟ್ಟು ಕೊತ್ತಂಬರಿ ಸೊಪ್ಪನ್ನು ಎರಡೂ ಕೈಯಲ್ಲಿ ತೂಗಿ, ಹಗುರ ಎನ್ನಿಸಿದ್ದನ್ನು ಕೆಳಗಿಟ್ಟು, ಇನ್ನೊಂದನ್ನು ಎತ್ತಿ, ಕಡೆಗೆ ಮೊದಲು ಕೆಳಗಿಟ್ಟದ್ದನ್ನೇ ಮನೆಗೆ ತರುವವಳು ನಾನು. "ಎಲ್ಲಾ ಒಂದೇ ಹೊಲದ್ದು ಕಣ್ರಮ್ಮ, ಸುಮ್ನೆ ತಗಳಿ" ಎಂದು ಸೊಪ್ಪಿನವಳು ಪ್ರತಿ ಸಲ ಹೇಳುತ್ತಾಳೆ. ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಬಿದ್ದ ಹೋಳಿಗೆ ನನ್ನ ಎಲೆಯದಕ್ಕಿಂತ ಅಗಲವಾಗಿದೆಯೇ ಎಂದು ಕಣ್ಣು ತಾನಾಗಿ ಓಡುತ್ತದೆ. ತಿನ್ನುವುದು ಅರ್ಧ ಹೋಳಿಗೆಯೇ ಆದರೂ ವಿಷಯ ತಿಳಿದಿರಬೇಕು. ಈ ಚಟದಿಂದ ನನಗೆ ಇದುವರೆಗೆ ಲಾಭವಾದದ್ದು ನೆನಪಿಲ್ಲ. ಆದ ನಷ್ಟವನ್ನು ಮಾತ್ರ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು, ಮನೆಯಲ್ಲಿ ಹೇಳುವ ಹಾಗಿಲ್ಲ, ಆದ್ದರಿಂದ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ನಾವಿರುವುದು ಅರಸೀಕೆರೆಯಲ್ಲಿ. ನಮ್ಮ ಮನೆಯವರದು ಕೊಬ್ಬರಿ ವ್ಯಾಪಾರ. ಅವರ ಅಣ್ಣನ ಸಂಸಾರ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿದೆ; ಅಲ್ಲಿ ಮನೆಯ ಹಿಂದೆ ಒಳ್ಳೆಯ ಹಿತ್ತಲಿದೆ. ಭಾವನವರ ಹೆಂಡತಿ ಗಿರಿಜಕ್ಕ ನನಗೆ ಓರಗಿತ್ತಿ. ನಮ್ಮ ಅತ್ತೆ ಮೊದಲು ಅಲ್ಲೇ ಇದ್ದರು. ಮಂಡಿನೋವು ಹೆಚ್ಚಾದ ಮೇಲೆ ಡಾಕ್ಟರಿಗೆ ಹತ್ತಿರವೆಂದು ನಮ್ಮ ಮನೆಗೆ ಬಂದರು. ಬರುವಾಗ ಒಂದು ಟ್ರಂಕು, ಲಿಂಗಪೂಜೆಯ ಪೆಟ್ಟಿಗೆ, ಮತ್ತು ಹಿತ್ತಲನ್ನು ಹೇಗೆ ನೋಡಿಕೊಳ್ಳಬೇಕೆಂದು ದಿನವೂ ಫೋನಿನಲ್ಲಿ ಗಿರಿಜಕ್ಕನಿಗೆ ಹೇಳುವ ಹಕ್ಕು, ಈ ಮೂರನ್ನು ತಂದರು.

ಆ ಹಿತ್ತಲಿನಲ್ಲಿ ಅತ್ತೆಯವರ ದಪ್ಪ ಮೆಣಸಿನಕಾಯಿ ಬೆಳೆಯುತ್ತಿತ್ತು. ಈಗ ಎಲ್ಲರೂ ಕ್ಯಾಪ್ಸಿಕಂ ಎನ್ನುತ್ತಾರಲ್ಲ, ಅದೇ ಜಾತಿ. ಆದರೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಬಣ್ಣ ತಿಳಿ ಹಸಿರು, ಗಾತ್ರ ಒಂದು ಹಿಡಿಯಷ್ಟು, ಮೈಮೇಲೆಲ್ಲ ಸುಕ್ಕು, ತುದಿಯಲ್ಲಿ ಸ್ವಲ್ಪ ಸೊಟ್ಟ. ಬೀಜ ಎಲ್ಲಿಂದ ಬಂತು ಎಂದು ಕೇಳಿದರೆ ಅತ್ತೆ ಒಂದು ಸಲ ಜಾವಗಲ್ಲಿನ ಸಂತೆ ಎನ್ನುತ್ತಾರೆ, ಇನ್ನೊಂದು ಸಲ ಯಾರೋ ಜಂಗಮರು ಕೊಟ್ಟದ್ದು ಎನ್ನುತ್ತಾರೆ. ಎಲ್ಲಿಂದಲೇ ಬಂದಿರಲಿ, ಅವರು ಸೊಸೆಯಾಗಿ ಬಂದ ಹೊಸದರಿಂದ ಅದು ಆ ಹಿತ್ತಲು ಬಿಟ್ಟು ಕದಲಿರಲಿಲ್ಲ. ಅತ್ತೆಗೆ ಅದರ ಬಗ್ಗೆ ಇದ್ದಷ್ಟು ಹೆಮ್ಮೆ ಅವರ ಇಬ್ಬರು ಗಂಡುಮಕ್ಕಳ ಬಗ್ಗೆ ಇದ್ದದ್ದನ್ನು ನಾನು ಕಾಣೆ. ಮಕ್ಕಳನ್ನು ಬೈಯುವಾಗಲೂ "ಒಂದು ಮೆಣಸಿನ ಗಿಡದಷ್ಟು ಉಪಕಾರ ಇಲ್ಲ" ಎಂದೇ ಬೈಯುತ್ತಾರೆ.

ಹೋದ ವರ್ಷ ಭಾವನವರಿಗೆ ಒಂದು ಯೋಚನೆ ಬಂತು. ದೇವಸ್ಥಾನ ನೋಡಲು ಬರುವವರಿಗಾಗಿ ಹಳೇಬೀಡಿನಲ್ಲಿ ಹೋಟೆಲುಗಳು ಆಗಿವೆ, ಅಲ್ಲೆಲ್ಲ ಫ್ರೈಡ್ ರೈಸಿಗೆ ಕ್ಯಾಪ್ಸಿಕಂ ಬೇಕು, ಆದ್ದರಿಂದ ಹಿತ್ತಲಿಗೆಲ್ಲ ಹೊಸ ಹೈಬ್ರಿಡ್ ತಳಿಯನ್ನೇ ಹಾಕಿಬಿಡೋಣ, ಈ ಸುಕ್ಕುಮೋರೆಯದನ್ನು ಯಾರು ಕೇಳುತ್ತಾರೆ ಎಂದರು. ಗಿರಿಜಕ್ಕ ಒಪ್ಪಲಿಲ್ಲ. ನಾನು ಎಂದಿನಂತೆ ನಡುವೆ ಬಾಯಿ ಹಾಕಿದೆ. "ಜಗಳ ಯಾಕೆ, ಎರಡನ್ನೂ ಬೆಳೆದು ನೋಡೋಣ. ಯಾವುದು ಚೆನ್ನಾಗಿ ಬೆಳೆದು ಹೆಚ್ಚು ಕಾಯಿ ಬಿಡುತ್ತೋ ಅದು ಹಿತ್ತಲಲ್ಲಿರಲಿ, ಇನ್ನೊಂದು ಹೋಗಲಿ" ಎಂದೆ. ಬಸ್ತಿಹಳ್ಳಿಯ ನೆಲದಲ್ಲಿ ಗಿರಿಜಕ್ಕ, ಅರಸೀಕೆರೆಯ ತಾರಸಿಯ ಮೇಲೆ ನಾನು, ಇಬ್ಬರೂ ಎರಡೂ ತಳಿ ಬೆಳೆಯುವುದು. ಗಿಡಗಳ ಸಂಖ್ಯೆ, ನೀರು, ಗೊಬ್ಬರ ಎಲ್ಲವೂ ಸಮ. ಸಮ ಎಂದರೆ ಸಮವೇ ಎಂದು ಅತ್ತೆಯವರ ಬೀಜದ ಗಂಟು ಬಿಚ್ಚಿ, ಇದ್ದ ಬೀಜವನ್ನೆಲ್ಲ ಎರಡು ಭಾಗ ಮಾಡಿ ಪೂರ್ತಿ ಬಿತ್ತಿದೆವು. ಸ್ವಲ್ಪ ಎತ್ತಿಡಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು ಎತ್ತಿಟ್ಟರೆ ಭಾಗಾಕಾರ ಸರಿಬರುವುದಿಲ್ಲ ಎಂದು ಮಾತ್ರ.

ಅತ್ತೆಗೆ ವಿಷಯ ತಿಳಿದಾಗ ಕೋಪ ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ. "ನಂದು ಸೋಲಾಕಿಲ್ಲ ಬಿಡು" ಎಂದು ವಿಭೂತಿ ಇಟ್ಟುಕೊಳ್ಳುತ್ತಾ ಹೇಳಿದರು. ಆಮೇಲೆ ಇಟ್ಟುಕೊಂಡ ವಿಭೂತಿಯನ್ನು ಒರೆಸಿ ಮತ್ತೊಮ್ಮೆ ಇಟ್ಟುಕೊಂಡರು. ಅವರಿಗೆ ಒಳಗೊಳಗೇ ಭಯವಿತ್ತು ಎಂದು ನನಗೆ ಗೊತ್ತಾಯಿತು, ಆದರೂ ಗಿಡಗಳಿಗೆ ಡಬ್ಬ ಹುಡುಕಲು ಹೋದೆ.

ಮೊದಲ ತಿಂಗಳು ಹೈಬ್ರಿಡ್ಡಿನ ದರ್ಬಾರು. ಎಣ್ಣೆ ಡಬ್ಬಗಳಲ್ಲಿ ನಮ್ಮೂರಲ್ಲಿ ಬೇಕಾದಷ್ಟು ಸಿಗುವ ತೆಂಗಿನ ನಾರಿನ ಪುಡಿ ತುಂಬಿ ನೆಟ್ಟಿದ್ದೆ. ಹೈಬ್ರಿಡ್ ಗಿಡ ದಪ್ಪ ಎಲೆ, ಗಟ್ಟಿ ಕಾಂಡ ಬಿಟ್ಟುಕೊಂಡು ಎನ್‌ಸಿಸಿ ಹುಡುಗನ ಹಾಗೆ ನಿಂತಿತು. ಅತ್ತೆಯದು ಬಡಕಲು, ಗಾಳಿ ಬೀಸಿದರೆ ಪಕ್ಕದ ಗಿಡದ ಮೇಲೆ ಒರಗುತ್ತಿತ್ತು. ಗಿರಿಜಕ್ಕನ ಮನೆಯಿಂದಲೂ ಅದೇ ವರದಿ. ಅತ್ತೆಗೆ ತಾರಸಿ ಮೆಟ್ಟಿಲು ಹತ್ತಲು ಆಗುವುದಿಲ್ಲ; ನಾನು ನೀರು ಹಾಕಿ ಇಳಿದು ಬರುವುದನ್ನೇ ಕಾದು "ಹೆಂಗೈತೆ?" ಎಂದು ಕೇಳುತ್ತಿದ್ದರು. "ಚೆನ್ನಾಗಿದೆ ಅತ್ತೆ" ಎನ್ನುತ್ತಿದ್ದೆ. "ಯಾವ್ದು?" ಎನ್ನುವರು. "ಎರಡೂ" ಎಂದು ಅಡುಗೆಮನೆಗೆ ನುಸುಳುತ್ತಿದ್ದೆ.

ಕಾಯಿ ಬಿಡಲು ಶುರುವಾದ ಮೇಲೆ ಆಟ ತಿರುಗಿತು. ಹೈಬ್ರಿಡ್ ಕಾಯಿಗಳು ಚಂದವೇ, ಪ್ಯಾಕೆಟ್ಟಿನ ಮೇಲಿನ ಚಿತ್ರದಂತೆಯೇ ದುಂಡಗೆ, ಮಿರಮಿರ ಮಿನುಗುತ್ತಿದ್ದವು. ಆದರೆ ಗಿಡ ನಾಲ್ಕಾರು ಕಾಯಿ ಬಿಟ್ಟು ದಣಿವಾರಿಸಿಕೊಳ್ಳುತ್ತಿತ್ತು. ಅಷ್ಟರಲ್ಲಿ ನುಸಿ ಬಿದ್ದು ಎಲೆಗಳು ಮುರುಟಿಕೊಂಡವು. ಹುಳಿ ಮಜ್ಜಿಗೆ ಚಿಮುಕಿಸಿದೆ, ಬೇವಿನೆಣ್ಣೆ ಚಿಮುಕಿಸಿದೆ. ಹೊಸ ಚಿಗುರೂ ಮುರುಟಿಕೊಂಡೇ ಬಂತು. ಅತ್ತೆಯ ಬಡಕಲು ಗಿಡಕ್ಕೂ ನುಸಿ ಬಿತ್ತು, ಅದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕಿತ್ತಷ್ಟೂ ಬಿಡುತ್ತಿತ್ತು. ಇವತ್ತು ಕಿತ್ತು ಬರಿದು ಮಾಡಿದರೆ ವಾರದೊಳಗೆ ಎಲೆಯ ಮರೆಯಲ್ಲಿ ಮತ್ತೆ ಅಷ್ಟು ಸುಕ್ಕುಮೋರೆಗಳು ಇಣುಕುತ್ತಿದ್ದವು. ತೂಕ ನೋಡೋಣವೆಂದು ನಮ್ಮ ಮನೆಯವರ ಅಂಗಡಿಗೆ ಒಯ್ದೆ. ಮೂಟೆ ತೂಗುವ ಆ ತಕ್ಕಡಿಯಲ್ಲಿ ಮುಳ್ಳು ಮಿಸುಕಲೇ ಇಲ್ಲ. "ಕೊಬ್ಬರಿ ಲೆಕ್ಕದಲ್ಲಿ ಇದು ತೂಕವೇ ಅಲ್ಲ ಕಣೇ, ಧೂಳು" ಎಂದರು ಅವರು, ಹಮಾಲಿಗಳ ಎದುರಿಗೆ. ಅಂದೇ ಅಡುಗೆಮನೆಗೆ ಒಂದು ಪುಟ್ಟ ತಕ್ಕಡಿ ಬಂತು.

ಈ ಹೊತ್ತಿಗೆ ಯಾವ ತಳಿ ಹೆಚ್ಚು ಎಂಬ ಪ್ರಶ್ನೆ ಇತ್ಯರ್ಥವಾಗಿ ಹೋಗಿತ್ತು. ಭಾವನವರೇ "ಅವ್ವಂದೇ ಗೆಲ್ತು ಕಣಮ್ಮ, ನಾನು ಒಪ್ಕೊಂಡೆ" ಎಂದು ಫೋನು ಮಾಡಿ ಹೇಳಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಗಿರಿಜಕ್ಕ ಒಂದು ಭಾನುವಾರ "ನಂಗೆ ಇವತ್ತು ಒಂದು ಬುಟ್ಟಿ ಬಂತು ಕಣೇ ಶೈಲಾ, ನಿಂಗೆ ಎಷ್ಟು ಬಂತು?" ಎಂದು ಕೇಳಿದರು. ಕೇಳಿದ ಧ್ವನಿಯಲ್ಲಿ ಸಹಜವಾದ ಕುತೂಹಲ ಬಿಟ್ಟು ಬೇರೇನೂ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ನನಗೆ ಮಾತ್ರ ಮದುವೆಯಾದ ಹೊಸದರಲ್ಲಿ ನೆಂಟರೆಲ್ಲ ಸೇರಿ ದೊಡ್ಡ ಸೊಸೆಯ ರೊಟ್ಟಿಯನ್ನೂ ಚಿಕ್ಕ ಸೊಸೆಯ ರೊಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದು ಜ್ಞಾಪಕಕ್ಕೆ ಬಂತು. ಆವತ್ತು ನನ್ನ ರೊಟ್ಟಿಗೆ ಗುಜರಾತಿನ ಆಕಾರವಿತ್ತು. "ಒಂದೂವರೆ ಬುಟ್ಟಿ" ಎಂದುಬಿಟ್ಟೆ. ಬುಟ್ಟಿಯ ಗಾತ್ರ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂದಿನಿಂದ ಮೆಣಸಿನಕಾಯಿ ತಳಿಗಳ ಸ್ಪರ್ಧೆ ಮುಗಿದು ಸೊಸೆಯರ ಸ್ಪರ್ಧೆ ಆರಂಭವಾಯಿತು. ಗಿರಿಜಕ್ಕ ಕಾಯಿಗಳ ಪಕ್ಕದಲ್ಲಿ ಪುಟ್ಟ ಲೋಟ ಇಟ್ಟು ಫೋಟೊ ಕಳಿಸುವರು, ಕಾಯಿ ದೊಡ್ಡದಾಗಿ ಕಾಣಲಿ ಎಂದು. ನಾನು ನಿಂಬೆಹಣ್ಣು ಇಟ್ಟೆ, ಅದೂ ಹುಡುಕಿ ತಂದ ಗೋಲಿಯಂಥ ನಿಂಬೆಹಣ್ಣು. ಕೋತಿಗಳು ತಾರಸಿಗೆ ನುಗ್ಗಿ ಒಂದಿಷ್ಟು ಕಾಯಿ ಕಚ್ಚಿ ಎಸೆದು ಹೋದಾಗ, ಕೋತಿ ತಿಂದದ್ದೂ ಇಳುವರಿಯೇ ಎಂದು ನಾನು ವಾದಿಸಿದೆ. "ಹಂಗಾದ್ರೆ ನಮ್ಮ ಹಿತ್ತಲಿಂದ ಅಕ್ಕಪಕ್ಕದೋರು ಕಿತ್ಕೊಂಡು ಹೋಗಿದ್ದೂ ಸೇರಿಸ್ಕೊತೀನಿ" ಎಂದರು ಅವರು. "ಅದು ಹೇಗಾಗುತ್ತಕ್ಕಾ, ನೀವು ಕಣ್ಣಲ್ಲಿ ನೋಡಿದ್ದೀರಾ?" ಎಂದೆ. "ನೀನು ಕೋತಿ ಹೊಟ್ಟೆ ಒಳಗೆ ನೋಡಿದ್ಯಾ?" ಎಂದರು. ಇಬ್ಬರೂ ನಕ್ಕೆವು, ಆದರೆ ಫೋನು ಇಟ್ಟ ಮೇಲೆ ನಾನು ನಗಲಿಲ್ಲ. ಸೀದಾ ತಾರಸಿಗೆ ಹೋಗಿ ಇನ್ನೂ ಬಲಿಯದ ಕಾಯಿಗಳನ್ನೂ ಕಿತ್ತು ತೂಕಕ್ಕೆ ಹಾಕಿದೆ.

ಕಾಯಿಗಳನ್ನು ಗಿಡದಲ್ಲಿ ಬಿಟ್ಟಷ್ಟೂ ಹೊಸ ಹೂವು ಕಡಿಮೆ, ಹಸಿರಿರುವಾಗಲೇ ಕೀಳುತ್ತಿದ್ದರೆ ಗಿಡ ಮತ್ತೆ ಮತ್ತೆ ಬಿಡುತ್ತದೆ ಎಂದು ಫೋನಿನಲ್ಲಿ ಯಾವುದೋ ವಿಡಿಯೊ ನೋಡಿ ತಿಳಿದುಕೊಂಡಿದ್ದೆ. ಮಾತು ನಿಜವೇ. ಗಿಡಕ್ಕೆ ಹೊತ್ತ ಕಾಯಿಯನ್ನು ಹಣ್ಣು ಮಾಡಿ ಬೀಜ ಕಟ್ಟುವುದೇ ಕೆಲಸ. ಅದಾಗಲು ಬಿಡದಿದ್ದರೆ ಪಾಪ, ಇನ್ನೊಮ್ಮೆ ಹೂ ಬಿಟ್ಟು ನೋಡುತ್ತದೆ. ಅತ್ತೆ ಹಿತ್ತಲು ನೋಡಿಕೊಳ್ಳುತ್ತಿದ್ದಾಗ ಎರಡನೆಯ ಸುತ್ತಿನಲ್ಲಿ ಒಳ್ಳೆಯ ಕಾಯಿ ನೋಡಿ ಅದರ ತೊಟ್ಟಿಗೆ ಹಳೇ ಸೀರೆಯ ಚೂರು ಕಟ್ಟುತ್ತಿದ್ದರಂತೆ. ಚೂರು ಕಟ್ಟಿದ ಕಾಯಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಅದು ಗಿಡದಲ್ಲೇ ಕೆಂಪಗೆ ಹಣ್ಣಾಗಿ, ಮೆತ್ತಗಾದ ಮೇಲೆ ಬೀಜ ತೆಗೆದು, ಬೂದಿಯಲ್ಲಿ ಹೊರಳಿಸಿ ಗಂಟು ಕಟ್ಟುವುದು. ಈ ಮಧ್ಯೆ ಒಂದು ದಿನ ಅವರು ಕೆಳಗಿನಿಂದಲೇ "ಬೀಜಕ್ಕೆ ಬಿಟ್ಟಿದ್ದೀಯೇನವ್ವಾ?" ಎಂದು ಕೇಳಿದರು. "ಹೂಂ ಅತ್ತೆ" ಎಂದೆ. ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ಬಸ್ತಿಹಳ್ಳಿಯಲ್ಲಿ ಗಿರಿಜಕ್ಕ ಬಿಟ್ಟೇ ಇರುತ್ತಾರೆ, ಹಿತ್ತಲು ಅವರದು, ತಳಿಯ ಪರ ವಾದಿಸಿದವರು ಅವರು, ಇನ್ನು ನಾನೊಂದು ಕಾಯಿ ಬಿಟ್ಟು ನನ್ನ ತೂಕ ಯಾಕೆ ಕಮ್ಮಿ ಮಾಡಿಕೊಳ್ಳಲಿ ಎಂದುಕೊಂಡಿದ್ದೆ.

ಬೇಸಿಗೆಯ ಬಿಸಿಲಿಗೆ ಗಿಡಗಳು ಒಣಗಿದವು. ಕಿತ್ತುಹಾಕಿದೆ. ಒಟ್ಟು ಇಳುವರಿಯಲ್ಲಿ ಇಬ್ಬರೂ ಗೆದ್ದಿದ್ದೆವು, ಅವರವರ ಲೆಕ್ಕದ ಪ್ರಕಾರ. ಅದಾಗಿ ಸ್ವಲ್ಪ ದಿನಕ್ಕೆ ಗಿರಿಜಕ್ಕ ಯಾವುದೋ ಗೃಹಪ್ರವೇಶಕ್ಕೆಂದು ಅರಸೀಕೆರೆಗೆ ಬಂದವರು ನಮ್ಮ ಮನೆಗೂ ಬಂದರು. ಅತ್ತೆಯ ಹತ್ತಿರ ಕೂತು ಮಾತಾಡಿ, ಹೊರಡುವ ಮುಂಚೆ ಅಡುಗೆಮನೆಗೆ ಬಂದು "ಬಸ್ಸಿಗೆ ಹೊತ್ತಾಯ್ತು, ಬೀಜ ಕೊಡು, ಬತ್ತೀನಿ" ಎಂದರು.

"ಯಾವ ಬೀಜ ಅಕ್ಕಾ?"

"ಅತ್ತೆಯೋರ ಮೆಣಸಿನಕಾಯ್ದು. ಒಟ್ಲು ಹಾಕಿ ಸಸಿ ಮಾಡ್ಬೇಕಲ್ಲ."

"ನೀವು ಬಿಟ್ಟಿರ್ಲಿಲ್ವಾ?"

ಗಿರಿಜಕ್ಕ ನನ್ನ ಮುಖ ನೋಡಿದರು. "ನೀನು ಎಲ್ಲಾ ಕ್ರಮವಾಗಿ ಮಾಡೋಳು, ನೀನು ಬಿಟ್ಟಿರ್ತೀಯ ಅಂತ ನಾನು ಎಲ್ಲಾ ಕಿತ್ಬಿಟ್ಟೆ ಕಣೇ" ಎಂದರು. ಧ್ವನಿ ತಗ್ಗಿತ್ತು, ಯಾಕೆಂದರೆ ನಡುಮನೆಯಲ್ಲಿ ಅತ್ತೆ ಕೂತಿದ್ದರು. ನಾನು ಸ್ಟೌ ಆರಿಸಿದೆ. ಅವರ ಗಿಡಗಳು ಬಚ್ಚಲ ಒಲೆಗೆ ಹೋಗಿದ್ದವು. ನನ್ನವು ತಾರಸಿಯ ಮೂಲೆಯಲ್ಲಿ ಒಣಗಿ ಬಿದ್ದಿದ್ದವು. ಇಬ್ಬರೂ ಬಟ್ಟೆ ಎತ್ತುವ ನೆಪ ಹೇಳಿ ಮೇಲೆ ಹೋಗಿ, ಒಂದೊಂದು ಕಡ್ಡಿಯನ್ನೂ ತಿರುವಿ ಹಾಕಿದೆವು. ಎಲೆಯ ಮರೆಯಲ್ಲಿ ಮುರುಟಿದ ಒಂದೇ ಒಂದು ಕಾಯಿ ಸಿಕ್ಕಿತು, ಹಸಿರಿದ್ದಾಗಲೇ ಒಣಗಿದ್ದು. ಒಳಗೆ ತೆಳ್ಳಗೆ, ಚಪ್ಪಟೆಯಾಗಿ ಒಂದಿಷ್ಟು ಬೀಜ. ಉಸಿರು ಬಿಟ್ಟರೆ ಹಾರಿಹೋಗುವಂತಿತ್ತು, ಆದ್ದರಿಂದ ಗಿರಿಜಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು ಉಸಿರು ಬಿಗಿಹಿಡಿದು ನೋಡಿದರು. "ಹುಟ್ಟಿದ್ರೂ ಹುಟ್ಟಬೌದು" ಎಂದರು. ಬಸ್ಸು ತಪ್ಪಿಹೋಗಿತ್ತು; ಮುಂದಿನ ಬಸ್ಸಿಗೆ ಹೋದರು. ಹೋಗುವಾಗ ನನ್ನ ಮೇಲೆ ಒಂದು ಮಾತೂ ಆಡಲಿಲ್ಲ, ನಾನೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಆ ಬೀಜವನ್ನು ನಾನು ಬಿತ್ತಿದೆ. ಬೆಳಗ್ಗೆ ಶಾಲೆಗೆ ಹೋಗುವ ಮುಂಚೆ, ಸಾಯಂಕಾಲ ಬಂದ ಕೂಡಲೇ ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಕಡೆಗೊಂದು ದಿನ ಎರಡೆಲೆಯ ಒಂದು ಸಸಿ ತಲೆ ಎತ್ತಿತು. ಗಿರಿಜಕ್ಕನಿಗೆ ಫೋಟೊ ಕಳಿಸಿದೆ, ಈ ಸಲ ಪಕ್ಕದಲ್ಲಿ ಏನನ್ನೂ ಇಡದೆ. ಅವರು ಕೈ ಮುಗಿಯುವ ಚಿತ್ರ ಕಳಿಸಿದರು. ನೆರಳು ಕಟ್ಟಿದೆ, ಕೋತಿಗೆ ಬಲೆ ಕಟ್ಟಿದೆ, ಎಳ್ಳಷ್ಟೂ ಬಿಸಿಲು ಹೆಚ್ಚಾಗದಂತೆ ನೋಡಿಕೊಂಡೆ. ಬಿಳಿ ಹೂವು ಬಂದಾಗ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ಹೂವು ಉದುರಿ ಪುಟ್ಟ ಪುಟ್ಟ ಹಸಿರು ಗುಂಡುಗಳು ಗೊಂಚಲು ಗೊಂಚಲಾಗಿ ಬಂದು, ಕಪ್ಪಾದವು. ಅದು ಗಣಿಕೆ ಸೊಪ್ಪು. ಚಿಕ್ಕದರಲ್ಲಿ ಮೆಣಸಿನ ಸಸಿಯ ಹಾಗೇ ಇರುತ್ತದೆ, ಬೀದಿ ಬದಿಯಲ್ಲೆಲ್ಲ ತಾನಾಗಿ ಬೆಳೆಯುತ್ತದೆ. ಅಷ್ಟು ಸೇವೆ ಮಾಡಿಸಿಕೊಂಡ ಗಣಿಕೆ ಗಿಡ ನಮ್ಮ ತಾಲ್ಲೂಕಿನಲ್ಲಿ ಇನ್ನೊಂದಿರಲಾರದು. ಅದರ ಸಾರು ಮಾಡಿದೆ. ಅತ್ತೆ ಎರಡು ಸಲ ಬಡಿಸಿಕೊಂಡರು.

ಅತ್ತೆಯಿಂದ ಹಿಂದೆ ಬೀಜ ಒಯ್ದವರ ಬಳಿ ಇದ್ದೀತು ಎಂದು ಗಿರಿಜಕ್ಕನಿಗೆ ಹೊಳೆಯಿತು. ಗಂಡಸಿ ಎಂಬ ಊರಿನಲ್ಲಿ ದೂರದ ನೆಂಟರೊಬ್ಬರು, ಪುಟ್ಟತಾಯಮ್ಮ ಎಂದು, ವರ್ಷ ವರ್ಷವೂ ಬೆಳೆಯುತ್ತಿದ್ದರು. ಇಬ್ಬರೂ ಹೋದೆವು. ಆಕೆ ಕಾಫಿ ಕೊಟ್ಟು, ಮಂಡಕ್ಕಿ ಕೊಟ್ಟು, ಬಂದ ವಿಷಯ ಕೇಳಿ "ಅಯ್ಯೋ, ಬಿಟ್ಟು ಶಾನೆ ದಿನ ಆಯ್ತು ಕಣವ್ವ. ಬೇಕು ಅನ್ನಿಸ್ದಾಗ ನಿಮ್ಮನೇಲಿ ಇದ್ದೇ ಐತಲ್ಲ, ಇಸ್ಕೊಂಡ್ರಾಯ್ತು ಅಂತ ಸುಮ್ನಾದ್ವಿ" ಎಂದರು. ಹಿಂದಿರುಗುವ ಬಸ್ಸಿನಲ್ಲಿ ನಾನೂ ಗಿರಿಜಕ್ಕನೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಅತ್ತೆಗೆ ಹೇಳಿಬಿಡೋಣ ಎಂದು ಇಬ್ಬರೂ ತೀರ್ಮಾನಿಸಿದೆವು. ಯಾರು ಹೇಳುವುದು ಎಂಬಲ್ಲಿ ನಿಂತಿತು. ಅವರು ಹೇಳುತ್ತಾರೆ ಎಂದು ನಾನು, ನಾನು ಹೇಳುತ್ತೇನೆ ಎಂದು ಅವರು.

ಹೇಳುವುದು ದಿನದಿನಕ್ಕೂ ಕಷ್ಟವಾಗುತ್ತ ಬಂತು. ಯಾಕೆಂದರೆ ತಮ್ಮ ಕಾಯಿ ಗೆದ್ದ ಸುದ್ದಿ ಅತ್ತೆಗೆ ಹೊಸ ಮಂಡಿ ಕೊಟ್ಟಂತಾಗಿತ್ತು. ಮಾತ್ರೆ ಕೊಡಲು ಬರುವ ನರ್ಸಿಗೆ, ಮಠಕ್ಕೆ ಅಕ್ಕಿ ಸಂಗ್ರಹಿಸಲು ಬರುವವರಿಗೆ, ನಮ್ಮ ಮನೆಯವರನ್ನು ಹುಡುಕಿಕೊಂಡು ಬರುವ ತೆಂಗಿನ ತೋಟದವರಿಗೆ, ಎಲ್ಲರಿಗೂ ಅದನ್ನು ಹೇಳುತ್ತಿದ್ದರು. "ಕಂಪ್ನಿ ಬೀಜ ನೆಲ ಕಚ್ತು. ನಂದು ಕಿತ್ತಷ್ಟೂ ಬಿಡ್ತು. ನಮ್ಮ ಸೊಸೇರು ಎಣಿಸಿ, ತೂಗಿ ನೋಡವ್ರೆ, ಬಾಯಿಮಾತಲ್ಲ" ಎನ್ನುವರು. ಕೇಳಿದವರು ಸುಮ್ಮನೆ ಹೋಗುತ್ತಾರೆಯೇ? ನಮಗೂ ನಾಲ್ಕು ಬೀಜ ಕೊಡಿ ಎನ್ನುತ್ತಾರೆ. ಅತ್ತೆ ಅಡುಗೆಮನೆಯತ್ತ ಕೈ ತೋರಿಸುತ್ತಾರೆ. ನಾನು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಇನ್ನೂ ಒಣಗಿಲ್ಲ ಎನ್ನುತ್ತೇನೆ. ಇಲ್ಲವೇ ಈಗ ಕಾಲವಲ್ಲ, ಮುಂದಿನ ಸಲ ಬನ್ನಿ ಎನ್ನುತ್ತೇನೆ. ಗಣಿತದವಳಾದ್ದರಿಂದ ಒಬ್ಬರಿಗೆ ಹೇಳಿದ ನೆಪ ಇನ್ನೊಬ್ಬರಿಗೆ ಹೇಳದಂತೆ ಜಾಗ್ರತೆ ವಹಿಸುತ್ತೇನೆ.

ಹೋದ ವಾರ ಬಂದವರು ನಿರ್ವಾಣಪ್ಪನವರು, ನಮ್ಮ ಅಂಗಡಿಗೆ ಬಹಳ ಕಾಲದಿಂದ ಕೊಬ್ಬರಿ ಹಾಕುವವರು. ಬೀಜಕ್ಕೆಂದು ಅವರು ಬರುತ್ತಿರುವುದು ಇದು ಮೂರನೆಯ ಸಲ. ನನ್ನ ನೆಪ ಕೇಳಿ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು "ಕೊಡಾಕೆ ಮನಸ್ಸಿಲ್ದಿದ್ರೆ ಹಂಗೇ ಹೇಳ್ಬುಡಿ ಮೇಡಂ, ಬೇಜಾರಿಲ್ಲ. ಬೀಜ ಕೇಳಿದೋರ್ಗೆ ನಮ್ಮ ಕಡೆ ಯಾರೂ ಇಲ್ಲ ಅನ್ನಾಕಿಲ್ಲ" ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಈಗ ಹೇಳಿಯೇ ಬಿಡುತ್ತೇನೆ, ಇಬ್ಬರ ಎದುರಿಗೂ ಹೇಳಿ ಕೈ ಮುಗಿದುಬಿಡುತ್ತೇನೆ ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಅತ್ತೆ ಮಾತಾಡಿದರು. "ನೀವು ತೆಪ್ಪಗೆ ಕೂತ್ಕಳಿ ನಿರ್ವಾಣಪ್ಪ. ನಾನು ಕೇಳಿದೋರ್ಗೆಲ್ಲ ಕೊಟ್ಟೆ, ಒಬ್ರಾದ್ರೂ ಉಳಿಸ್ಕೊಂಡ್ರಾ? ಅವ್ಳು ನನ್ನಂಗಲ್ಲ. ಲೆಕ್ಕದೋಳು, ಒಂದೊಂದು ಬೀಜಾನೂ ಎಣಿಸಿ ಭದ್ರವಾಗಿ ಮಡಗವ್ಳೆ. ನಾನು ಕಣ್ಮುಚ್ಚಿದ್ರೂ ಅದು ಎಲ್ಲೂ ಹೋಗಾಕಿಲ್ಲ ಅಂತ ನಂಗೆ ಧೈರ್ಯ."

ನಿರ್ವಾಣಪ್ಪನವರು ಕೂತರು. ಅತ್ತೆ ನನ್ನತ್ತ ತಿರುಗಿ, ಸರಿ ತಾನೇ ಎನ್ನುವಂತೆ ನೋಡಿದರು. ನಿರ್ವಾಣಪ್ಪನವರಿಗೆ ಕಾಫಿ ತರುತ್ತೇನೆ ಎಂದು ಒಳಗೆ ಬಂದೆ. ಊರು ನನ್ನನ್ನು ಜಿಪುಣಿ ಎನ್ನುತ್ತಿದೆ, ಅದು ನನ್ನ ಕಿವಿಗೂ ಬಿದ್ದಿದೆ. ಆ ಹೆಸರು ಆದಷ್ಟು ದಿನ ಹಾಗೇ ಉಳಿಯಲಿ ಎಂದು ಈಗ ನಾನೇ ದೇವರಲ್ಲಿ ಬೇಡಿಕೊಳ್ಳುತ್ತಿದ್ದೇನೆ.